ಡಿಜಿಟಲ್ ಆಯಿತು, ಎಚ್‌ಡಿ ಯಾಕೆ ಕಾಣುತ್ತಿಲ್ಲ?

ಹೊಸದಾಗಿ 43 ಇಂಚಿನ ಟಿವಿ ತಂದಾಯಿತು. ಕೇಬಲ್‌ನವರು ಬಂದು ಎಚ್‌ಡಿ ಬಾಕ್ಸ್ ಕೂರಿಸಿ ಹೋದರು. ತಿಂಗಳ ಬಿಲ್ಲೂ ಏರಿತು. ಆದರೂ ಧಾರಾವಾಹಿಯ ಮುಖಗಳು ಮಸುಕು, ವಾರ್ತೆ ಓದುವವರು ಅಡ್ಡಡ್ಡ ಉಬ್ಬಿದಂತೆ ಕಾಣುತ್ತಾರೆ, ಕ್ರಿಕೆಟ್ ಚೆಂಡು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ‘ಹಳೇ ಡಬ್ಬಾ ಟಿವಿಯೇ ವಾಸಿಯಿತ್ತು’ ಎಂದು ಮನೆಯ ಹಿರಿಯರು ಗೊಣಗುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ದೋಷ ಮಾತ್ರ ಬಹುತೇಕ ಸಲ ಟಿವಿಯದಲ್ಲ.

ಅಂಗಡಿಯವರೂ ಗ್ರಾಹಕರೂ ಡಿಜಿಟಲ್ ಮತ್ತು ಎಚ್‌ಡಿಯನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆದರೆ ಎರಡೂ ಬೇರೆ. ಚಿತ್ರವನ್ನು ಅಲೆಯ ಏರಿಳಿತವಾಗಿ ಕಳಿಸದೆ ಅಂಕಿಗಳಾಗಿ ಕಳಿಸುವುದು ಡಿಜಿಟಲ್. ಆ ಚಿತ್ರದಲ್ಲಿ ಎಷ್ಟು ಚುಕ್ಕಿಗಳಿವೆ ಎಂಬುದು ಎಚ್‌ಡಿಯ ಪ್ರಶ್ನೆ. ನಮ್ಮಲ್ಲಿ ಮಾಮೂಲಿ ಎಸ್‌ಡಿ ಚಿತ್ರ ಎಂದರೆ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ. ಪೂರ್ಣ ಎಚ್‌ಡಿಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080. ಗುಣಿಸಿ ನೋಡಿದರೆ ಸರಿಯಾಗಿ ಐದು ಪಟ್ಟು. ಎಸ್‌ಡಿ ಚಿತ್ರವೂ ಡಿಜಿಟಲ್ಲೇ. ಅದನ್ನು 21 ಇಂಚಿನ ಡಬ್ಬಾ ಟಿವಿಯಲ್ಲಿ ನೋಡಿದಾಗ ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ಅಷ್ಟೇ ಚುಕ್ಕಿಗಳನ್ನು 43 ಇಂಚಿಗೆ ಹಿಗ್ಗಿಸಿದರೆ ಮಸುಕಾಗದೆ ಇನ್ನೇನಾದೀತು? ಫೋರ್‌ಕೆ ಟಿವಿಯಲ್ಲಂತೂ ಒಂದೊಂದು ಎಸ್‌ಡಿ ಚುಕ್ಕಿ ಸುಮಾರು 20 ಚುಕ್ಕಿಗಳ ಜಾಗ ತುಂಬಬೇಕು. ದುಡ್ಡು ಹೆಚ್ಚು ಕೊಟ್ಟಷ್ಟೂ ಹಳೆಯ ಚಾನೆಲ್ ಕೆಟ್ಟದಾಗಿ ಕಾಣುವುದು ಇದರಿಂದಲೇ.

ಅನಲಾಗ್ ಹೋದ ಬಗೆ

ಅಮೆರಿಕದಲ್ಲಿ 2009ರ ಜೂನ್ 12ರ ಹೊತ್ತಿಗೆ ದೊಡ್ಡ ಟಿವಿ ಕೇಂದ್ರಗಳೆಲ್ಲ ಅನಲಾಗ್ ಪ್ರಸಾರ ನಿಲ್ಲಿಸಿದವು. ಬ್ರಿಟನ್ ಪ್ರದೇಶವಾರು ನಿಲ್ಲಿಸುತ್ತ ಬಂದು 2012ರ ಅಕ್ಟೋಬರ್‌ನಲ್ಲಿ ಮುಗಿಸಿತು. ಆ ದೇಶಗಳಲ್ಲಿ ಮನೆಯ ಮೇಲಿನ ಆಂಟೆನಾ ವ್ಯರ್ಥವಾಗಲಿಲ್ಲ. ಅದೇ ಆಂಟೆನಾಕ್ಕೆ ಈಗ ಎಚ್‌ಡಿ ಚಾನೆಲ್‌ಗಳು ಪುಕ್ಕಟೆಯಾಗಿ ಬರುತ್ತವೆ.

ಭಾರತದಲ್ಲಿ ಹಾಗಾಗಲಿಲ್ಲ. ಇಲ್ಲಿ ಅನಲಾಗ್‌ಗೆ ವಿದಾಯ ಎರಡು ಕಡೆಯಿಂದ ನಡೆಯಿತು. ಮೊದಲನೆಯದು ಕೇಬಲ್. 2011ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿ ತಂದು, ಬಾಕ್ಸ್ ಇಲ್ಲದೆ ಕೇಬಲ್ ಇಲ್ಲ ಎಂದು ಹಂತಹಂತವಾಗಿ ಜಾರಿ ಮಾಡಲಾಯಿತು. 2012ರ ಅಕ್ಟೋಬರ್ ಕೊನೆಗೆ ನಾಲ್ಕು ಮಹಾನಗರಗಳು, 2013ರ ಮಾರ್ಚ್ 31ಕ್ಕೆ ಬೆಂಗಳೂರು, ಮೈಸೂರು ಸೇರಿ 38 ನಗರಗಳು, ಆಮೇಲೆ ಸಣ್ಣ ಪಟ್ಟಣಗಳು. ಗಡುವು ಹಲವು ಸಲ ಮುಂದೆ ಹೋಗಿ, ಹಳ್ಳಿಗಳಿಗೆ 2017ರ ಮಾರ್ಚ್ 31 ಕೊನೆಯ ದಿನವಾಯಿತು. ಇದರ ಹಿಂದಿದ್ದ ಒತ್ತಡ ಚಿತ್ರದ ಗುಣಮಟ್ಟಕ್ಕಿಂತ ಲೆಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಒಂದು ಬೀದಿಯಲ್ಲಿ ಎಷ್ಟು ಮನೆಗೆ ಕೇಬಲ್ ಇದೆ ಎಂಬುದು ಅನಲಾಗ್ ಕಾಲದಲ್ಲಿ ಕೇಬಲ್‌ನವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಬಾಕ್ಸ್ ಬಂದ ಮೇಲೆ ಪ್ರತಿ ಮನೆಯೂ ಲೆಕ್ಕಕ್ಕೆ ಸಿಕ್ಕಿತು. ಎಚ್‌ಡಿ ಕೊಡಲೇಬೇಕೆಂದು ಯಾರೂ ಹೇಳಿರಲಿಲ್ಲ. ಆಗ ಕೊಟ್ಟ ಬಾಕ್ಸ್‌ಗಳಲ್ಲಿ ಬಹುಪಾಲು ಎಸ್‌ಡಿಯವೇ.

ಎರಡನೆಯದು ದೂರದರ್ಶನದ ಗೋಪುರಗಳು. ಕರ್ನಾಟಕಕ್ಕೆ ಅವು ಬಂದದ್ದು ಉತ್ತರದಿಂದ: 1977ರಲ್ಲಿ ಕಲಬುರಗಿ, 1981ರ ನವೆಂಬರ್ 1ರಂದು ಬೆಂಗಳೂರು. (ಅದಕ್ಕೂ ಮೊದಲು, 1975–76ರ ‘ಸೈಟ್’ ಪ್ರಯೋಗದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ತಂತಿಬಲೆಯ ಡಿಶ್ ಇಟ್ಟು ನೇರ ಉಪಗ್ರಹದಿಂದಲೇ ಟಿವಿ ನೋಡಿದ್ದವು. ಆಂಟೆನಾಕ್ಕಿಂತ ಮೊದಲೇ ಡಿಶ್ ಕಂಡ ಊರುಗಳು!) ಈ ಗೋಪುರಗಳ ಅನಲಾಗ್ ಪ್ರಸಾರವನ್ನು ಪ್ರಸಾರ ಭಾರತಿ ವರ್ಷದಿಂದ ವರ್ಷಕ್ಕೆ ಕಡಿಮೆ ಮಾಡುತ್ತ ಬಂದು, ಆಯಕಟ್ಟಿನ ಸುಮಾರು 50 ಕಡೆ ಉಳಿಸಿ ಮಿಕ್ಕದ್ದನ್ನು 2022ರ ಮಾರ್ಚ್ 31ರೊಳಗೆ ಮುಚ್ಚುವುದಾಗಿ ಪ್ರಕಟಿಸಿತು. ಸದ್ದುಗದ್ದಲವಾಗಲಿಲ್ಲ. ಅಷ್ಟು ಹೊತ್ತಿಗೆ ಆಂಟೆನಾ ನಂಬಿಕೊಂಡವರು ತೀರ ಕಡಿಮೆಯಾಗಿದ್ದರು.

ಗೋಪುರದಿಂದಲೇ ಡಿಜಿಟಲ್ ಪ್ರಸಾರ ಮಾಡುವ ಯತ್ನವೂ ಆಗಿದೆ. 2016ರಲ್ಲಿ ದೂರದರ್ಶನ ಬೆಂಗಳೂರು ಸೇರಿ 16 ನಗರಗಳಲ್ಲಿ ಡಿವಿಬಿ-ಟಿ2 ಎಂಬ ಬಗೆಯ ಇಂಥ ಪ್ರಸಾರ ಶುರು ಮಾಡಿತು. ಮನೆಮನೆಗೆ ಅದು ತಲುಪಲಿಲ್ಲ. ಹಾಗಾಗಿ ಆನ್‌ಲೈನ್ ಅಂಗಡಿಗಳಲ್ಲಿ ಕಾಣುವ ‘ಒಮ್ಮೆ ಕೊಂಡರೆ ನೂರಾರು ಎಚ್‌ಡಿ ಚಾನೆಲ್ ಉಚಿತ’ ಎಂಬ ಪುಟ್ಟ ಆಂಟೆನಾಗಳ ಬಲೆಗೆ ಬೀಳಬೇಡಿ. ಅಮೆರಿಕ, ಯುರೋಪಿನ ಗೋಪುರಗಳಿಗೆ ತಕ್ಕ ಸರಕು ಅದು. ಹಾಸನದಲ್ಲೋ ಹಾವೇರಿಯಲ್ಲೋ ಕಿಟಕಿಗೆ ಅಂಟಿಸಿದರೆ ಒಂದು ಕನ್ನಡ ಚಾನೆಲ್ಲೂ ಬಾರದು.

ಈಗಿರುವ ದಾರಿಗಳು

ನಮಗೆ ಉಳಿದದ್ದು ಕೇಬಲ್, ಹಣ ಕಟ್ಟುವ ಡಿಟಿಎಚ್, ಹಣವಿಲ್ಲದ ಡಿಡಿ ಫ್ರೀ ಡಿಶ್ ಮತ್ತು ಇಂಟರ್‌ನೆಟ್.

ಕೇಬಲ್ ಇರುವ ಊರಿನಲ್ಲಿ ಅದೇ ಸುಲಭ. ಡಿಶ್ ಇಲ್ಲ, ಮಳೆಯ ಕಾಟ ಕಡಿಮೆ, ಕರೆದರೆ ಬರುವವರು ಅದೇ ಬೀದಿಯವರು. ಆದರೆ ಬಾಕ್ಸ್ ಎಚ್‌ಡಿಯದೇ ಎಂದು ಕೇಳಿ ಪಡೆಯಬೇಕು. ಕೇಳದಿದ್ದರೆ ಗೋಡೌನಿನಲ್ಲಿ ಉಳಿದ ಎಸ್‌ಡಿ ಬಾಕ್ಸ್ ನಿಮ್ಮ ಮನೆ ಸೇರುವ ಸಾಧ್ಯತೆಯೇ ಹೆಚ್ಚು. ಡಿಟಿಎಚ್ ಆದರೆ ಒಂದೊಂದು ಕಂಪನಿಗೂ ಬೇರೆ ಬೇರೆ ಉಪಗ್ರಹ. ಟಾಟಾ ಪ್ಲೇ ಡಿಶ್ 83 ಡಿಗ್ರಿ ಪೂರ್ವ ರೇಖಾಂಶದ ಕಡೆ ನೋಡುತ್ತದೆ, ಡಿಶ್ ಟಿವಿಯದು 95, ಏರ್‌ಟೆಲ್‌ನದು 108.2. ಕಂಪನಿ ಬದಲಿಸಿದರೆ ಡಿಶ್ ತಿರುಗಿಸಬೇಕು, ಬಾಕ್ಸ್ ಬದಲಿಸಬೇಕು. ಒಂದು ಕಂಪನಿಯ ಬಾಕ್ಸ್ ಇನ್ನೊಂದರ ಗೂಢಲಿಪಿ ಬಿಡಿಸುವುದಿಲ್ಲ.

ಟಿವಿಯಲ್ಲೇ ಡಿಜಿಟಲ್ ಟ್ಯೂನರ್ ಇದೆ, ಬಾಕ್ಸ್ ಬೇಕಿಲ್ಲ ಎಂದು ಅಂಗಡಿಯವರು ಹೇಳುವುದುಂಟು. ಅದು ಅರ್ಧ ಸತ್ಯ. ಗೂಢಲಿಪಿಯಲ್ಲಿ ಬರುವ ಕೇಬಲ್ ಮತ್ತು ಡಿಟಿಎಚ್ ಚಾನೆಲ್‌ಗಳಿಗೆ ಆ ಟ್ಯೂನರ್ ಸಾಲದು. ಉಪಗ್ರಹ ಟ್ಯೂನರ್, ಅಂದರೆ ಡಿವಿಬಿ-ಎಸ್2, ಇರುವ ಟಿವಿ ಉಚಿತ ಚಾನೆಲ್‌ಗಳನ್ನಷ್ಟೇ ನೇರವಾಗಿ ತೋರಿಸುತ್ತದೆ. ಇಂಥ ಟಿವಿಗಳಿಗಾಗಿ ಭಾರತೀಯ ಮಾನಕ ಬ್ಯೂರೋ ಐಎಸ್ 18112 ಎಂಬ ಮಾನದಂಡವನ್ನೇ ಹೊರಡಿಸಿದೆ. ಫ್ರೀ ಡಿಶ್ ಸಾಕು ಎನ್ನುವವರು ಕೊಳ್ಳುವಾಗ ಟಿವಿಯ ಹಿಂಬದಿಯಲ್ಲಿ ಉಪಗ್ರಹದ ತಿರುಪಿನ ತೂತು ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಲಿ.

ಫ್ರೀ ಡಿಶ್: ಆಗ್ನೇಯದ ಆಕಾಶ

2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ 33 ಚಾನೆಲ್‌ಗಳೊಂದಿಗೆ ಶುರುವಾದದ್ದು ಇಂದಿನ ಡಿಡಿ ಫ್ರೀ ಡಿಶ್. ಸುಮಾರು ಎರಡು ಸಾವಿರ ರೂಪಾಯಿಯ ಒಂದೇ ಸಲದ ಖರ್ಚು, ಆಮೇಲೆ ತಿಂಗಳ ಬಾಡಿಗೆ ಇಲ್ಲ. ಡಿಡಿ ಚಂದನ ಬರುತ್ತದೆ. ಹಾಗಾಗಿ ‘ಥಟ್ ಅಂತ ಹೇಳಿ’ ಸಾಕೆನ್ನುವವರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಕನ್ನಡದ ದೊಡ್ಡ ಮನರಂಜನಾ ಚಾನೆಲ್‌ಗಳ ಧಾರಾವಾಹಿ ಬಿಡಲಾಗದು ಎನ್ನುವ ಮನೆಗೆ ಮಾತ್ರ ಇದು ಸಾಲುವುದಿಲ್ಲ. ಅವು ಶುಲ್ಕದ ಚಾನೆಲ್‌ಗಳು. ಹಾಕಿಸಿಕೊಂಡ ಮೇಲೆ ಜಗಳವಾಗುವುದಕ್ಕಿಂತ ಮೊದಲೇ ಮನೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಬಾಕ್ಸ್ ಕೊಳ್ಳುವಾಗ ಎಂಪೆಗ್-4 (ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ಬಗೆ) ಇರುವ ಎಚ್‌ಡಿ ಬಾಕ್ಸನ್ನೇ ತನ್ನಿ, ಟಿವಿ ಹಳೆಯದಾದರೂ ಸರಿ. ಎಂಪೆಗ್-2 ಬಾಕ್ಸ್‌ಗೆ ಕೆಲವು ಚಾನೆಲ್‌ಗಳು ಬರುವುದೇ ಇಲ್ಲ.

ಡಿಶ್ ಕೂರಿಸುವುದು ಬ್ರಹ್ಮವಿದ್ಯೆಯಲ್ಲ. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಅದು ಇರುವುದು 93.5 ಡಿಗ್ರಿ ಪೂರ್ವದಲ್ಲಿ, ಸಮಭಾಜಕದ ಮೇಲೆ. ಕರ್ನಾಟಕದ ಯಾವ ಮೂಲೆಯಿಂದ ನೋಡಿದರೂ ಅದು ಆಗ್ನೇಯಕ್ಕೆ, ನೆತ್ತಿಗೆ ಹತ್ತಿರ. ಬೆಂಗಳೂರಿನಿಂದ ಉತ್ತರವನ್ನು ಸೊನ್ನೆ ಎಂದಿಟ್ಟು ಪೂರ್ವದ ಕಡೆಯಿಂದ ಎಣಿಸಿದರೆ ಸುಮಾರು 128 ಡಿಗ್ರಿ, ಎತ್ತರ 66 ಡಿಗ್ರಿ. ಮಂಗಳೂರಿನಿಂದ ದಿಕ್ಕು ಸುಮಾರು 124, ಬೀದರಿನಿಂದ 137. ಎತ್ತರ ಎರಡೂ ಕಡೆ 60ರ ಮೇಲೆಯೇ. ಮೊಬೈಲಿನ ದಿಕ್ಸೂಚಿ ಸಾಕು, ಆದರೆ ಅದನ್ನು ಕಬ್ಬಿಣದ ಕಂಬ, ತಗಡಿನ ಛಾವಣಿಗಳಿಂದ ದೂರ ನಿಂತು ನೋಡಬೇಕು. ಡಿಶ್‌ನ ಮುಖ ಅಷ್ಟು ಎತ್ತರಕ್ಕೆ ನೋಡುತ್ತಿಲ್ಲವಲ್ಲ ಎಂದು ಗಾಬರಿಯಾಗಬೇಡಿ. ಮನೆಗಳಿಗೆ ಹಾಕುವ ಡಿಶ್‌ಗಳಲ್ಲಿ ಎಲ್‌ಎನ್‌ಬಿ (ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ) ಹೊತ್ತ ತೋಳು ಕೆಳಗಡೆಗೆ ಇರುತ್ತದೆ. ಅವು ತಮ್ಮ ಮುಖ ತೋರುವುದಕ್ಕಿಂತ ಇಪ್ಪತ್ತು ಚಿಲ್ಲರೆ ಡಿಗ್ರಿ ಮೇಲಿನ ಸಿಗ್ನಲ್ ಹಿಡಿಯುತ್ತವೆ.

ಇಷ್ಟು ಎತ್ತರವಿರುವುದರಿಂದ ಕೊಡಗು, ಚಿಕ್ಕಮಗಳೂರಿನಲ್ಲೂ ಗುಡ್ಡ ಅಡ್ಡ ಬರುವುದು ಅಪರೂಪ. ಅಡ್ಡ ಬರುವುದು ಮರ. ಇವತ್ತು ಚೆನ್ನಾಗಿರುವ ಸಿಗ್ನಲ್ ಎರಡು ಮಳೆಗಾಲ ಕಳೆದ ಮೇಲೆ ಕೆಟ್ಟರೆ, ಬಾಕ್ಸ್ ಬಿಚ್ಚುವ ಮೊದಲು ಅಂಗಳದ ಸಿಲ್ವರ್ ಓಕ್ ಎಷ್ಟು ಬೆಳೆದಿದೆ ನೋಡಿ. ಜಾಗ ಸರಿಯಿದೆಯೇ ಎಂದು ಪರೀಕ್ಷಿಸಲು ಸೂರ್ಯನೇ ಮೀಟರ್. ಮಾರ್ಚ್ ಎರಡನೇ ವಾರದ ಆಸುಪಾಸು ಮತ್ತು ಸೆಪ್ಟೆಂಬರ್ ಕೊನೆ–ಅಕ್ಟೋಬರ್ ಮೊದಲಲ್ಲಿ, ಬೆಳಗ್ಗೆ 11ರ ಸುಮಾರಿಗೆ ಸೂರ್ಯ ಹೆಚ್ಚುಕಡಿಮೆ ಈ ಉಪಗ್ರಹದ ಹಿಂದೆಯೇ ನಿಂತಿರುತ್ತಾನೆ. ಆ ಹೊತ್ತಿನಲ್ಲಿ ಡಿಶ್ ಇಡುವ ಜಾಗಕ್ಕೆ ನೇರ ಬಿಸಿಲು ಬಿದ್ದರೆ ಜಾಗ ಸರಿ, ನೆರಳು ಬಿದ್ದರೆ ಬೇಡ. ಅದೇ ದಿನಗಳಲ್ಲಿ ಕೆಲವು ನಿಮಿಷ ಚಿತ್ರ ಹೋದರೂ ಆಶ್ಚರ್ಯಪಡಬೇಕಿಲ್ಲ. ಸೂರ್ಯನ ಅಬ್ಬರದಲ್ಲಿ ಉಪಗ್ರಹದ ಸಣ್ಣ ದನಿ ಅಡಗುತ್ತದೆ. ಯಾರನ್ನೂ ಕರೆಸಬೇಡಿ, ತಾನಾಗಿ ಸರಿಹೋಗುತ್ತದೆ.

ಡಿಶ್ ತಿರುಗಿಸುವಾಗ ಟಿವಿ ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ: ಸಿಗ್ನಲ್‌ನ ಬಲ ಮತ್ತು ಗುಣಮಟ್ಟ. ಎಲ್‌ಎನ್‌ಬಿಗೆ ವಿದ್ಯುತ್ ಹೋದರೆ ಸಾಕು, ಬಲದ ಪಟ್ಟಿ ಆಕಾಶದ ಯಾವ ಮೂಲೆಗೆ ತಿರುಗಿಸಿದರೂ ಏರುತ್ತದೆ. ಅದನ್ನು ನಂಬಬೇಡಿ. ಗುಣಮಟ್ಟದ ಪಟ್ಟಿ ಏರಿದರೆ ಮಾತ್ರ ಉಪಗ್ರಹ ಸಿಕ್ಕಿದೆ ಎಂದರ್ಥ. ಬೆರಳಷ್ಟು ಸರಿಸಿ, ಎರಡು ಕ್ಷಣ ಕಾಯಿರಿ, ಮತ್ತೆ ಸರಿಸಿ. ಬೇಗ ಬೇಗ ತಿರುಗಿಸಿದರೆ ಬಾಕ್ಸ್ ಗುರುತು ಹಿಡಿಯುವ ಮುಂಚೆ ಉಪಗ್ರಹ ದಾಟಿಹೋಗಿರುತ್ತದೆ. ತಂತಿ ಜೋಡಿಸುವಾಗ ಬಾಕ್ಸ್‌ನ ಪ್ಲಗ್ ಕಿತ್ತಿರಲಿ. ಆ ತಂತಿಯಲ್ಲಿ ಎಲ್‌ಎನ್‌ಬಿಗೆಂದು 13 ಅಥವಾ 18 ವೋಲ್ಟ್ ಹರಿಯುತ್ತಿರುತ್ತದೆ, ಒಳತಂತಿಯೂ ಹೊರಜಾಲರಿಯೂ ತಾಗಿದರೆ ಬಾಕ್ಸ್ ಸುಡಬಹುದು.

ಫ್ರೀ ಡಿಶ್‌ನ ಚಾನೆಲ್ ಜಾಗಗಳು ಹರಾಜಾಗುತ್ತವೆ. ಆದ್ದರಿಂದ ಪಟ್ಟಿ ಬದಲಾಗುತ್ತಿರುತ್ತದೆ, ಮುಖ್ಯವಾಗಿ ಏಪ್ರಿಲ್ ಹೊತ್ತಿಗೆ. ಒಂದು ಚಾನೆಲ್ ಕಾಣೆಯಾದರೆ ಮೊದಲು ಮೆನುವಿಗೆ ಹೋಗಿ ಮತ್ತೊಮ್ಮೆ ಸ್ಕ್ಯಾನ್ ಮಾಡಿ.

ಎಚ್‌ಡಿ ಎಲ್ಲಿ ಸೋರುತ್ತದೆ?

ಎಚ್‌ಡಿ ಚಿತ್ರ ಕಣ್ಣಿಗೆ ತಲುಪಲು ಚಾನೆಲ್, ಬಾಕ್ಸ್, ತಂತಿ, ಪರದೆ ನಾಲ್ಕೂ ಎಚ್‌ಡಿ ಆಗಿರಬೇಕು. ಒಂದು ತಪ್ಪಿದರೂ ಉಳಿದ ಮೂರಕ್ಕೆ ಕೊಟ್ಟ ದುಡ್ಡು ದಂಡ.

ಹೆಚ್ಚು ಸಲ ತಪ್ಪುವುದು ತಂತಿಯಲ್ಲಿ. ಹಳೆಯ ಟಿವಿಯಿಂದ ಬಿಚ್ಚಿದ ಕೆಂಪು-ಬಿಳಿ-ಹಳದಿ ತಂತಿಯನ್ನೇ ಹೊಸ ಟಿವಿಗೂ ಚುಚ್ಚಿರುತ್ತಾರೆ. ಚಿತ್ರ ಬಂತು, ಕೆಲಸ ಮುಗಿಯಿತು ಎಂದು ಹೋಗಿಬಿಡುತ್ತಾರೆ. ಆ ಹಳದಿ ತಂತಿಯಲ್ಲಿ ಎಸ್‌ಡಿ ಬಿಟ್ಟು ಬೇರೇನೂ ಹರಿಯುವುದಿಲ್ಲ, ಸೋಜಿಗವೆಂದರೆ ಹರಿಯುವುದೂ ಅನಲಾಗ್ ಆಗಿಯೇ! ದೇಶಕ್ಕೆ ದೇಶವೇ ಡಿಜಿಟಲ್ ಆದ ಮೇಲೂ ಬಾಕ್ಸ್‌ನಿಂದ ಟಿವಿಯವರೆಗಿನ ಕೊನೆಯ ಮೀಟರ್‌ನಲ್ಲಿ ಅನಲಾಗ್ ಬದುಕಿರುತ್ತದೆ. ಎಚ್‌ಡಿಎಂಐ ತಂತಿ ಹಾಕಿ. ದುಬಾರಿಯದು ಬೇಕಿಲ್ಲ, ಒಂದೆರಡು ಮೀಟರ್‌ಗೆ ಸಾಮಾನ್ಯದ್ದೇ ಸಾಕು. ಆಮೇಲೆ ಟಿವಿ ರಿಮೋಟ್‌ನಲ್ಲಿ ಸೋರ್ಸ್ ಒತ್ತಿ ಎಚ್‌ಡಿಎಂಐ ಆರಿಸಬೇಕು. ತಂತಿ ಬದಲಿಸಿ ಸೋರ್ಸ್ ಎವಿಯಲ್ಲೇ ಬಿಟ್ಟ ಮನೆಗಳೂ ಇವೆ.

ಮುಂದಿನದು ಬಾಕ್ಸ್‌ನ ಸೆಟ್ಟಿಂಗ್. ಮೆನುವಿನ ಚಿತ್ರ ವಿಭಾಗದಲ್ಲಿ 576 ಎಂದಿದ್ದರೆ 1080ಕ್ಕೆ ಬದಲಿಸಿ; ಆಕಾರ 4:3 ಎಂದಿದ್ದರೆ 16:9 ಮಾಡಿ. ಮುಖಗಳು ಅಡ್ಡಕ್ಕೆ ಉಬ್ಬುವುದು 4:3 ಚಿತ್ರವನ್ನು ಅಗಲದ ಪರದೆಗೆ ಎಳೆದಾಗ. ಎರಡೂ ಪಕ್ಕ ಕಪ್ಪು ಪಟ್ಟಿ ಬಂದರೆ ಬರಲಿ, ಹಳೆಯ ಸಿನಿಮಾ ತೆಗೆದದ್ದೇ ಆ ಆಕಾರದಲ್ಲಿ. ಎಚ್‌ಡಿ ಚಾನೆಲ್‌ನಲ್ಲಿ ಚಿತ್ರವಿದ್ದು ದನಿಯಿಲ್ಲದಿದ್ದರೆ ಆಡಿಯೊವನ್ನು ಡಾಲ್ಬಿಯಿಂದ ಪಿಸಿಎಂ ಅಥವಾ ಸ್ಟೀರಿಯೊಗೆ ತಿರುಗಿಸಿ ನೋಡಿ.

ಇನ್ನು ಚಾನೆಲ್. ಜೀ ಕನ್ನಡ ಬೇರೆ, ಜೀ ಕನ್ನಡ ಎಚ್‌ಡಿ ಬೇರೆ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ ಎಲ್ಲಕ್ಕೂ ಹಾಗೆಯೇ. ನಂಬರ್ ಬೇರೆ, ಬೆಲೆಯೂ ಬೇರೆ. ಬೆರಳಿಗೆ ರೂಢಿಯಾದ ಹಳೆಯ ನಂಬರ್ ಒತ್ತಿ ಎಸ್‌ಡಿ ನೋಡುತ್ತ, ಎಚ್‌ಡಿಗೆ ತಿಂಗಳು ತಿಂಗಳು ದುಡ್ಡು ಕಟ್ಟುವ ಮನೆಗಳು ಎಷ್ಟೋ. ಒಂದೇ ಚಾನೆಲ್‌ನ ಎರಡೂ ರೂಪ ಬೇರೆ ಬೇರೆ ಪ್ಯಾಕ್‌ಗಳ ಮೂಲಕ ಬಿಲ್ಲಿಗೆ ಸೇರಿರಲೂಬಹುದು. ಪಟ್ಟಿ ತರಿಸಿ ನೋಡಿ, ಎಸ್‌ಡಿ ರೂಪವನ್ನು ತೆಗೆಸಿಹಾಕಿ.

ಪರದೆಯ ವಿಚಾರ ಬೇಗ ಮುಗಿಯುತ್ತದೆ. ‘ಎಚ್‌ಡಿ ರೆಡಿ’ ಎಂದು ಮಾರುವ ಟಿವಿಗಳು ಸಾಮಾನ್ಯವಾಗಿ 1366×768, ‘ಫುಲ್ ಎಚ್‌ಡಿ’ 1920×1080. 32 ಇಂಚಿನದನ್ನು ಎಂಟು ಅಡಿ ದೂರದಿಂದ ನೋಡುವವರಿಗೆ ಎರಡರ ವ್ಯತ್ಯಾಸ ಕಾಣುವುದು ಕಷ್ಟ. ಟಿವಿ ಪ್ರಸಾರಕ್ಕಾಗಿಯೇ ಫೋರ್‌ಕೆ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ದುಂದು. ಇಂಟರ್‌ನೆಟ್‌ನಲ್ಲಿ ಸಿನಿಮಾ ನೋಡುವವರ ಲೆಕ್ಕ ಬೇರೆ. ಅಲ್ಲಿಯೂ ಒಂದು ಗಂಟೆಯ ಎಚ್‌ಡಿಗೆ ಸುಮಾರು ಎರಡು-ಮೂರು ಜಿಬಿ ಖರ್ಚಾಗುತ್ತದೆಂಬ ಅಂದಾಜು ಇರಲಿ. ಮೊಬೈಲ್ ಡೇಟಾದಲ್ಲಿ ದಿನವಿಡೀ ಟಿವಿ ನೋಡಲಾಗದು. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ತಂದ ವೇವ್ಸ್ ಆ್ಯಪ್‌ನಲ್ಲಿ ದೂರದರ್ಶನದ ಚಾನೆಲ್‌ಗಳು ನೇರವಾಗಿ ಸಿಗುತ್ತವೆ.

ಅಮೆರಿಕದಿಂದ ಮರಳುವ ಕನ್ನಡಿಗರಿಗೆ ಒಂದು ಮಾತು: ಅಲ್ಲಿಯ ಟಿವಿ ಹೊತ್ತು ತರುವ ಮೊದಲು ಹಿಂಬದಿಯ ಚೀಟಿ ಓದಿ. 120 ವೋಲ್ಟ್ ಮಾತ್ರ ಎಂದಿದ್ದರೆ ಬಿಟ್ಟು ಬನ್ನಿ. 100–240 ಎಂದಿದ್ದರೂ ಅದರ ಟ್ಯೂನರ್ ಇಲ್ಲಿ ಉಪಯೋಗಕ್ಕೆ ಬಾರದು. ಎಚ್‌ಡಿಎಂಐ ಮೂಲಕ ಇಲ್ಲಿನ ಬಾಕ್ಸ್ ಸೇರಿಸಿಯೇ ನೋಡಬೇಕು.

ಮಳೆ, ಸಿಡಿಲು, ಹಂಚಿಕೆ

ಅನಲಾಗ್ ಸಿಗ್ನಲ್ ಸೊರಗಿದರೆ ಪರದೆ ತುಂಬ ಬಿಳಿ ಚುಕ್ಕಿ ಕುಣಿಯುತ್ತಿದ್ದವು, ಆದರೂ ಮಾತು ಕೇಳುತ್ತಿತ್ತು, ಮುಖ ಗೊತ್ತಾಗುತ್ತಿತ್ತು. ಡಿಜಿಟಲ್‌ಗೆ ಆ ಸಹನೆ ಇಲ್ಲ. ಒಂದು ಮಟ್ಟದವರೆಗೆ ಚಿತ್ರ ಸ್ವಚ್ಛ, ಅದರಿಂದ ಕೂದಲೆಳೆ ಕೆಳಗಿಳಿದರೆ ಚೌಕಚೌಕವಾಗಿ ಒಡೆಯುತ್ತದೆ, ಆಮೇಲೆ ‘ಸಿಗ್ನಲ್ ಇಲ್ಲ’. ಆದ್ದರಿಂದ ಬಿಸಿಲಿನ ದಿನವೇ ಗುಣಮಟ್ಟದ ಪಟ್ಟಿಯನ್ನು ಎಷ್ಟು ಸಾಧ್ಯವೋ ಅಷ್ಟು ಏರಿಸಿಟ್ಟುಕೊಳ್ಳಬೇಕು. ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ಅಲೆಗಳನ್ನು ದಪ್ಪ ಮಳೆ ಹೀರಿಕೊಳ್ಳುತ್ತದೆ. ಆಗುಂಬೆ, ಭಾಗಮಂಡಲದ ಕಡೆಯವರು 60 ಸೆಂಟಿಮೀಟರ್ ಡಿಶ್ ಬದಲು 75 ಅಥವಾ 90ರದ್ದು ಹಾಕಿಸಿದರೆ ತಡೆ ಕಡಿಮೆಯಾಗುತ್ತದೆ. ಮಳೆ ನಿಂತ ಮೇಲೂ ಚಿತ್ರ ಬಾರದಿದ್ದರೆ ತಂತಿಯ ತುದಿಯ ತಿರುಪಿನೊಳಗೆ ನೀರು ಇಳಿದಿರಬೇಕು. ತುದಿ ಕತ್ತರಿಸಿ ಹೊಸದಾಗಿ ಕೂರಿಸಿ, ಟೇಪ್ ಸುತ್ತಿ, ಎಲ್‌ಎನ್‌ಬಿ ಹತ್ತಿರ ತಂತಿಯನ್ನು ಸ್ವಲ್ಪ ಜೋಲು ಬಿಡಿ. ನೀರು ಆ ಜೋಲಿನಿಂದ ತೊಟ್ಟಿಕ್ಕುತ್ತದೆ, ತಿರುಪಿನೊಳಗೆ ಹೋಗದು. ಏಪ್ರಿಲ್-ಮೇ ತಿಂಗಳ ಗುಡುಗಿಗೆ ಕರೆಂಟಿನ ಪ್ಲಗ್ ಕಿತ್ತರೆ ಸಾಲದು, ಸಿಡಿಲು ಡಿಶ್ ತಂತಿಯಿಂದಲೂ ಬರುತ್ತದೆ. ಗುಡುಗು ಶುರುವಾಗುವ ಮೊದಲೇ ಎರಡನ್ನೂ ಕೀಳಿ.

ಎರಡನೇ ಟಿವಿಗೆ ಮಾಮೂಲಿ ಸ್ಪ್ಲಿಟರ್ ಹಾಕಿದರೆ ಕೇಬಲ್‌ನಲ್ಲಿ ಸಿಗ್ನಲ್ ಅರ್ಧಕ್ಕಿಳಿಯುತ್ತದೆ. ಡಿಶ್‌ನಲ್ಲಿ ಅದು ನಡೆಯುವುದೇ ಇಲ್ಲ ಎನ್ನಬಹುದು. ಎರಡು ಬಾಕ್ಸ್‌ಗಳು ಒಂದೇ ಎಲ್‌ಎನ್‌ಬಿಗೆ ಬೇರೆ ಬೇರೆ ವೋಲ್ಟ್ ಕೊಟ್ಟು ಗೊಂದಲ ಮಾಡುತ್ತವೆ. ಎರಡು ಬಾಯಿಯ ಎಲ್‌ಎನ್‌ಬಿ, ಎರಡು ತಂತಿ ಬೇಕು.

ಡಬ್ಬಾ ಟಿವಿ ಇನ್ನೂ ಚೆನ್ನಾಗಿದ್ದರೆ ಎಸೆಯಬೇಕಿಲ್ಲ. ಬಹುತೇಕ ಡಿಜಿಟಲ್ ಬಾಕ್ಸ್‌ಗಳು ಹಳದಿ ತಂತಿಯ ಮೂಲಕ ಅದಕ್ಕೆ ಚಿತ್ರ ಕೊಡುತ್ತವೆ. ಆ ತೂತೂ ಇಲ್ಲದಷ್ಟು ಹಳೆಯದಾದರೆ ಎವಿಯನ್ನು ಆಂಟೆನಾ ತಂತಿಗೆ ಬದಲಿಸುವ ಮಾಡ್ಯುಲೇಟರ್ ಸಿಗುತ್ತದೆ. ಅಂಥ ಟಿವಿಗೆ ಎಚ್‌ಡಿ ಪ್ಯಾಕ್ ಹಾಕಿಸುವುದು ಮಾತ್ರ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಬಿಲ್ಲು ಓದಿ

2019ರ ಫೆಬ್ರುವರಿಯಿಂದ ಜಾರಿಗೆ ಬಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಬಿಲ್ಲಿನಲ್ಲಿ ಎರಡು ಭಾಗ: ಸಂಪರ್ಕಕ್ಕೆ ಕೊಡುವ ನೆಟ್‌ವರ್ಕ್ ಶುಲ್ಕ, ನೀವು ಆರಿಸಿದ ಶುಲ್ಕದ ಚಾನೆಲ್‌ಗಳ ಬೆಲೆ. ಅದರ ಮೇಲೆ ಶೇ 18 ಜಿಎಸ್‌ಟಿ. ನೆಟ್‌ವರ್ಕ್ ಶುಲ್ಕಕ್ಕೆ ಮೊದಲು 130 ರೂಪಾಯಿಯ ಮಿತಿ ಇತ್ತು. 2024ರ ಜುಲೈನಲ್ಲಿ ಟ್ರಾಯ್ ಮಿತಿಯನ್ನು ತೆಗೆದು, ದರವನ್ನು ಕಂಪನಿಗಳಿಗೇ ಬಿಟ್ಟಿತು. ಗ್ರಾಹಕರಿಗೆ ಇದರಿಂದ ಲಾಭವಾಯಿತೆಂದು ನನಗನ್ನಿಸುವುದಿಲ್ಲ. ಹಾಗಾಗಿ ಈಗ ಎರಡು ಕಡೆ ದರ ಕೇಳಿ ಹೋಲಿಸುವುದು ಅನಿವಾರ್ಯ. ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸುವ ಹಕ್ಕು ನಿಮಗಿದೆ. ‘ಪ್ಯಾಕ್ ಮಾತ್ರ ಕೊಡುತ್ತೇವೆ’ ಎಂದರೆ ಒಪ್ಪಬೇಡಿ. ನಾಲ್ಕು ಕನ್ನಡ ಎಚ್‌ಡಿ ಚಾನೆಲ್ ನೋಡುವ ಮನೆಗೆ ಇನ್ನೂರು ಚಾನೆಲ್‌ನ ಪ್ಯಾಕ್ ಯಾಕೆ?

ಮುಂದಿನ ರೀಚಾರ್ಜ್‌ಗೆ ಮೊದಲು ಟಿವಿಯ ಹಿಂದೆ ಒಮ್ಮೆ ಕೈಹಾಕಿ ನೋಡಿ. ಅಲ್ಲಿ ಸಿಕ್ಕಿದ್ದು ಹಳದಿ ತಂತಿಯಾದರೆ, ಹೊಸ ಟಿವಿಗಾಗಲಿ ದೊಡ್ಡ ಪ್ಯಾಕ್‌ಗಾಗಲಿ ಸದ್ಯ ಹಣ ಹಾಕಬೇಡಿ. ಮೊದಲು ಒಂದು ಎಚ್‌ಡಿಎಂಐ ತಂತಿ ತನ್ನಿ.